ನಂಬಿಕೆಯ ಹುದ್ದೆ, ಹೊರದೇಶದ ನಂಟು



ಸರ್ಕಾರದ ಕೆಲವು ಹುದ್ದೆಗಳಿಗೆ ಪದವಿ, ಅನುಭವ ಇಷ್ಟಿದ್ದರೆ ಸಾಲದು. ರಕ್ಷಣೆ, ಅಣುಶಕ್ತಿ, ಕ್ಷಿಪಣಿ ಮುಂತಾದ ಕ್ಷೇತ್ರಗಳಲ್ಲಿ ರಹಸ್ಯ ಕಾಗದಪತ್ರಗಳು ಕೈಗೆ ಬರುತ್ತವೆ. ಆದ್ದರಿಂದ 'ಈ ವ್ಯಕ್ತಿಯನ್ನು ನಂಬಬಹುದೇ?' ಎಂಬ ಪ್ರಶ್ನೆ ಏಳುತ್ತದೆ. ಆತನಿಗೆ ಬೇರೆ ದೇಶದಲ್ಲಿ ಬಂಧುಗಳೋ ಆಸ್ತಿಯೋ ಇದ್ದರೆ ತನಿಖೆ ಇನ್ನಷ್ಟು ಬಿಗಿಯಾಗುತ್ತದೆ. ಇದು ಸರಿಯೇ? ಒಬ್ಬ ವಿಜ್ಞಾನಿಯ ಬದುಕನ್ನೇ ನೋಡೋಣ.

ಚಿಯೆನ್ ಶ್ಯೂಸೆನ್ ಚೀನಾದಲ್ಲಿ 1911ರಲ್ಲಿ ಹುಟ್ಟಿದವರು. 1935ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದರು. ಕ್ಯಾಲಿಫೋರ್ನಿಯಾದಲ್ಲಿ ಥಿಯೊಡೋರ್ ಫಾನ್ ಕಾರ್ಮನ್ ಅವರ ಶಿಷ್ಯರಾಗಿ ರಾಕೆಟ್ ವಿಜ್ಞಾನದಲ್ಲಿ ಹೆಸರು ಮಾಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರಿಗೆ ರಹಸ್ಯ ಕೆಲಸದ ಪರವಾನಗಿ ಸಿಕ್ಕಿತ್ತು. 1945ರಲ್ಲಿ ಜರ್ಮನಿಯ ರಾಕೆಟ್ ತಜ್ಞರನ್ನು ವಿಚಾರಿಸಲು ಅಮೆರಿಕವು ಅವರನ್ನೇ ಕಳುಹಿಸಿತು.

1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟ್ ಆಡಳಿತ ಬಂದಿತು. ಮರುವರ್ಷ ಜೂನ್‌ನಲ್ಲಿ ಚಿಯೆನ್ ಅವರ ಪರವಾನಗಿ ರದ್ದಾಯಿತು. ಹಿಂದೆ ಅವರು ಕಮ್ಯುನಿಸ್ಟ್ ಪಕ್ಷದಲ್ಲಿದ್ದರೆಂಬುದು ಆರೋಪ. ಅವರು ಅದನ್ನು ನಿರಾಕರಿಸಿದರು. ತಾಯ್ನಾಡಿಗೆ ಹೊರಟರೆ ಅದಕ್ಕೂ ಅಡ್ಡಿ! ಸಾಮಾನು ಸರಂಜಾಮು ವಶಪಡಿಸಿಕೊಂಡು ಅವರನ್ನು ಕೆಲಕಾಲ ಬಂಧನದಲ್ಲಿಟ್ಟರು. ಕೆಲಸ ಕೊಡಲು ನಂಬಿಕೆಯಿಲ್ಲ, ಹೋಗಬಿಡಲು ಧೈರ್ಯವಿಲ್ಲ. ಐದು ವರ್ಷ ಹೀಗೇ ಕಳೆಯಿತು. 1955ರಲ್ಲಿ ಚೀನಾಕ್ಕೆ ಮರಳಿದ ಅವರು ಆ ದೇಶದ ಕ್ಷಿಪಣಿ ಕಾರ್ಯಕ್ರಮವನ್ನೇ ಕಟ್ಟಿ ನಿಲ್ಲಿಸಿದರು. 2009ರಲ್ಲಿ ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಚೀನಾದೊಂದಿಗಿನ ಅವರ ನಂಟು 1945ರಲ್ಲೂ ಇತ್ತು, 1950ರಲ್ಲೂ ಇತ್ತು. ಬದಲಾದದ್ದು ಎರಡು ದೇಶಗಳ ನಡುವಣ ಸಂಬಂಧ.

ಹಾಗಾದರೆ ತನಿಖೆಯೇ ಬೇಡವೇ? ಹಾಗೆನ್ನಲಾಗದು. ಹೊರದೇಶದಲ್ಲಿರುವ ತಂದೆತಾಯಿಯನ್ನು ಬೆದರಿಸಿ ಇಲ್ಲಿನ ಅಧಿಕಾರಿಯಿಂದ ರಹಸ್ಯ ಹೊರಡಿಸುವುದು ಸಾಧ್ಯ. ಆದರೆ ತನಿಖೆಗೂ ಒಂದು ನ್ಯಾಯ ಇರಬೇಕು. ವಿಲಿಯಂ ಗ್ರೀನ್ ಎಂಬ ಅಮೆರಿಕದ ಎಂಜಿನಿಯರ್ ಸೋವಿಯತ್ ರಾಯಭಾರ ಕಚೇರಿಯವರ ಸಂಪರ್ಕ ಮೊದಲಾದ ಆರೋಪಗಳಿಂದ ಪರವಾನಗಿ ಕಳೆದುಕೊಂಡರು, ಅದರೊಂದಿಗೆ ಕೆಲಸವನ್ನೂ. ದೂರಿದವರು ಯಾರೆಂದು ಅವರಿಗೆ ತಿಳಿಸಲೇ ಇಲ್ಲ. 1959ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ಸಾಕ್ಷಿಗಳನ್ನು ಪ್ರಶ್ನಿಸುವ ಅವಕಾಶವಿಲ್ಲದ ಇಂಥ ಕ್ರಮಕ್ಕೆ ಅಧಿಕಾರ ಕೊಟ್ಟವರಿಲ್ಲ ಎಂದಿತು. 1960ರ ಅಧ್ಯಕ್ಷೀಯ ಆದೇಶವು ಕಾರಣಗಳನ್ನು ಲಿಖಿತವಾಗಿ ತಿಳಿಸಿ ಉತ್ತರಿಸಲು ಅವಕಾಶ ಕೊಡುವ ಪದ್ಧತಿಯನ್ನು ತಂದಿತು.

2017ರಲ್ಲಿ ಜಾರಿಗೆ ಬಂದ ಅಮೆರಿಕದ ಮಾರ್ಗಸೂಚಿಯಲ್ಲಿ 13 ಶೀರ್ಷಿಕೆಗಳಿವೆ. ವಿದೇಶಿ ಪ್ರಭಾವ ಅವುಗಳಲ್ಲಿ ಒಂದು. ಹೊರದೇಶದಲ್ಲಿ ಬಂಧುಗಳಿದ್ದ ಮಾತ್ರಕ್ಕೆ ಯಾರೂ ಅನರ್ಹರಲ್ಲ. ಅದು ಯಾವ ದೇಶ, ನಂಟು ಎಷ್ಟು ಗಾಢ, ಒತ್ತಡಕ್ಕೆ ಆಸ್ಪದವಿದೆಯೇ ಎಂದು ತೂಗಿ ನೋಡುತ್ತಾರೆ. ಇದ್ದುದನ್ನು ಬೇಕೆಂದೇ ಮುಚ್ಚಿಟ್ಟರೆ ಅದೇ ದೊಡ್ಡ ತೊಡಕಾಗುತ್ತದೆ. ಕೊನೆಗೂ ಸಂಶಯ ಉಳಿದರೆ ದೇಶದ ಭದ್ರತೆಗೇ ಮೊದಲ ಮಣೆ.

ನಮ್ಮ ಸಂವಿಧಾನವೂ ಈ ಬಗ್ಗೆ ಎಚ್ಚರ ವಹಿಸಿದೆ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು 102ನೇ ವಿಧಿಯಂತೆ ಸಂಸತ್ ಸದಸ್ಯರಾಗಿರುವಂತಿಲ್ಲ. ಬಂಧುಗಳು ಹೊರದೇಶದಲ್ಲಿದ್ದಾರೆಂಬುದು ಅಲ್ಲಿ ಅಡ್ಡಿಯಲ್ಲ.

ಮಿತ್ರರೇ, ಪೌರತ್ವ ನಾವು ಆರಿಸಿಕೊಳ್ಳಬಹುದಾದದ್ದು; ಹುಟ್ಟಿದ ಊರು, ಹೆತ್ತವರು ಆರಿಸಿಕೊಂಡದ್ದಲ್ಲ. ಒಬ್ಬರ ನಂಬಿಕೆಯನ್ನು ಅಳೆಯುವಾಗ ಈ ವ್ಯತ್ಯಾಸ ಮರೆಯಬಾರದು. ನಿಮ್ಮ ತರಗತಿಯಲ್ಲಿ ಇದನ್ನು ಚರ್ಚಿಸಿ ನೋಡಿ.