ಸವಾಯಿ ಗಂಧರ್ವರು: ಕುಂದಗೋಳದ ಹುಡುಗ, ಮರಾಠಿ ರಂಗದ ಗಾಯಕ

(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸೊನ್ನಲಿಗೆಯ ಸಿದ್ಧರಾಮನ ಈ ಸೀಮೆಯಲ್ಲಿ ನಾವು ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ಮರಾಠಿಯನ್ನೂ ಆಡುತ್ತ ಬಂದವರು. ಕನ್ನಡ ಶಾಲೆಯಲ್ಲಿ ಕಲಿತ ಮಗು ಮುಂದೆ ಮರಾಠಿಯ ಲೋಕದಲ್ಲಿ ಹೇಗೆ ನಿಂತೀತು ಎಂಬ ಚಿಂತೆ ಕುಂಭಾರಿಯ ಅನೇಕ ಪಾಲಕರಿಗಿದೆ. ಆ ಚಿಂತೆಯನ್ನು ಮನದಲ್ಲಿಟ್ಟುಕೊಂಡೇ ಇಂದು ಒಬ್ಬ ರಂಗಗಾಯಕರ ಬಾಳನ್ನು ತಮ್ಮ ಮುಂದಿಡಬಯಸುತ್ತೇವೆ. ಅವರು ಸವಾಯಿ ಗಂಧರ್ವರೆಂದು ಹೆಸರಾದ ರಾಮಚಂದ್ರ ಗಣೇಶ ಕುಂದಗೋಳಕರರು. ಬಲ್ಲವರ ಬಾಯಲ್ಲಿ ರಾಮಭಾವು.

ಮರಾಠಿ ರಂಗಭೂಮಿಗೂ ಕನ್ನಡ ನೆಲಕ್ಕೂ ಇರುವ ನಂಟು ಹಳೆಯದು. ೧೮೪೩ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿದ್ದು ಕರ್ನಾಟಕದಿಂದ ಬಂದ ಆಟದ ಮೇಳವೊಂದರ ಪ್ರೇರಣೆಯಿಂದ. ೧೮೮೦ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದು, ಅನಂತರ ‘ಸೌಭದ್ರ’ವನ್ನು ರಚಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಅವರು ಹಾಕಿಕೊಟ್ಟ ಸಂಗೀತ ನಾಟಕದ ದಾರಿಯಲ್ಲಿಯೇ ರಾಮಭಾವು ಮುಂದೆ ನಡೆದರು.

೧೮೮೬ರ ಜನವರಿ ೧೯ರಂದು ಹುಟ್ಟಿದ ರಾಮಭಾವು ಹುಬ್ಬಳ್ಳಿಗೆ ಸಮೀಪದ ಕುಂದಗೋಳದಲ್ಲಿ ಕಾರಕೂನರೊಬ್ಬರ ಮಗನಾಗಿ ಬೆಳೆದರು. ಮಗನ ಒಲವು ಹಾಡಿನ ಕಡೆಗಿರುವುದನ್ನು ಕಂಡ ತಂದೆ ಅದಕ್ಕೆ ಅಡ್ಡಿಯಾಗಲಿಲ್ಲ. ಮುಂದೆ ಕೈರಾನಾದ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಗುರುಗಳಾಗಿ ದೊರೆತರು. ಎಂಟು ವರ್ಷ ತಮ್ಮಲ್ಲಿಯೇ ಇದ್ದು ಕಲಿಯಬೇಕೆಂಬುದು ಖಾನರ ಕರಾರು. ಹರೆಯ ಬಂದು ದನಿ ಒಡೆದಾಗ ಬಾಲ್ಯದ ಇಂಪು ಹೋಗಿ ಕಂಠ ಒರಟಾಯಿತು. ಹಾಡುವವನಿಗೆ ಇದಕ್ಕಿಂತ ದೊಡ್ಡ ಕಷ್ಟ ಯಾವುದು? ರಾಮಭಾವು ಅಭ್ಯಾಸವನ್ನು ಬಿಡದೆ ಸ್ವರ ಸ್ವರವನ್ನೂ ತಿದ್ದಿ ತೀಡಿ ಆ ದನಿಯನ್ನು ಹದಕ್ಕೆ ತಂದುಕೊಂಡರು.

ಬಳಿಕ ಅವರು ಗುರುಗಳ ಇಚ್ಛೆಗೆ ವಿರುದ್ಧವಾಗಿ ನಾಟಕ ಕಂಪನಿ ಸೇರಿದರು. ಹೆಣ್ಣುಮಕ್ಕಳು ರಂಗವೇರುವುದು ವಿರಳವಾಗಿದ್ದ ಕಾಲವದು. ನಾಯಿಕೆಯ ಪಾತ್ರವನ್ನು ಗಂಡಸರೇ ಧರಿಸುತ್ತಿದ್ದರು. ಸೀರೆಯುಟ್ಟು ಸುಭದ್ರೆಯಾಗಿ ನಿಂತ ರಾಮಭಾವು, ಧ್ವನಿವರ್ಧಕವಿಲ್ಲದ ಮಂಟಪದಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ, ಅದೂ ರಾಗದ ಮಾಧುರ್ಯ ಕೆಡದಂತೆ ಹಾಡಬೇಕಿತ್ತು. ಮನೆಯಲ್ಲಿ ಕನ್ನಡವಾಡಿ ಬೆಳೆದವರು ಮರಾಠಿಯ ಮಾತನ್ನೂ ಪದಗಳನ್ನೂ ಮರಾಠಿ ರಸಿಕರು ತಲೆದೂಗುವಂತೆ ಒಪ್ಪಿಸಿದರು. ನಾರಾಯಣರಾವ ರಾಜಹಂಸರು ‘ಬಾಲಗಂಧರ್ವ’ರೆಂದು ಮೆರೆಯುತ್ತಿದ್ದ ಕಾಲದಲ್ಲಿಯೇ ಇವರಿಗೆ ‘ಸವಾಯಿ ಗಂಧರ್ವ’ ಎಂಬ ಬಿರುದು ಬಂತು. ಸವಾಯಿ ಎಂದರೆ ಒಂದೂಕಾಲು. ಹಳೆಯ ಮಗ್ಗಿ ಬಲ್ಲ ಹಿರಿಯರಿಗೆ ಆ ಲೆಕ್ಕವನ್ನು ವಿವರಿಸಬೇಕಿಲ್ಲ. ಮುಂದೆ ಗುರುಗಳ ಮಗಳು ಹೀರಾಬಾಯಿ ಬಡೋದೇಕರರ ನಾಟಕ ಸಂಸ್ಥೆಯಲ್ಲಿಯೂ ಅವರು ಅಭಿನಯಿಸಿದರು.

ಮಾತನಾಡುವ ಚಿತ್ರಗಳು ಬಂದ ಮೇಲೆ ಕಂಪನಿಗಳ ವೈಭವ ಕುಂದಿತು. ಆದರೆ ರಾಮಭಾವು ಅವರ ಬಾಳಿನ ಹಿರಿದಾದ ಕಾರ್ಯ ಕುಂದಗೋಳದ ಮನೆಯಲ್ಲಿ ನಡೆಯಿತು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಗುರುವನ್ನರಸಿ ಮನೆ ಬಿಟ್ಟು ಊರೂರು ಅಲೆದ ಗದಗಿನ ಹುಡುಗ ಭೀಮಸೇನ ಜೋಶಿ ಇಲ್ಲಿ ನೆಲೆ ಕಂಡು, ನೀರು ಹೊತ್ತು, ಮನೆಗೆಲಸ ಮಾಡಿ ವಿದ್ಯೆ ಗಳಿಸಿದರು. ಬಸವರಾಜ ರಾಜಗುರುಗಳೂ ಮುಂಬಯಿಯ ಪಾರಸಿ ಗಾಯಕ ಫಿರೋಜ್ ದಸ್ತೂರರೂ ಇದೇ ಗುರುವಿನ ಶಿಷ್ಯರು. ೧೯೪೨ರಲ್ಲಿ ಪಾರ್ಶ್ವವಾಯು ಬಡಿದು ಗುರುಗಳ ವೇದಿಕೆಯ ಗಾಯನಕ್ಕೆ ತಡೆ ಬಿತ್ತು. ೧೯೫೨ರ ಸೆಪ್ಟೆಂಬರ್ ೧೨ರಂದು ಅವರು ತೀರಿಕೊಂಡರು. ಮರುವರ್ಷವೇ ಪುಣೆಯಲ್ಲಿ ಅವರ ಸ್ಮರಣೆಯ ಸಂಗೀತೋತ್ಸವ ಆರಂಭವಾಯಿತು. ಇಂದಿಗೂ ಪ್ರತಿ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ರಸಿಕರು ಸಾವಿರ ಸಾವಿರ ಸಂಖ್ಯೆಯಲ್ಲಿ ಕುಂದಗೋಳದ ಈ ಕನ್ನಡಿಗರ ಹೆಸರಿನಲ್ಲಿ ಕೂಡುತ್ತಾರೆ.

ಬಂಧುಗಳೇ, ಎಲ್ಲ ಮಕ್ಕಳೂ ಗಂಧರ್ವರಾಗಲಾರರು. ಆದರೆ ಈ ಬಾಳಿನಿಂದ ಎರಡು ಮಾತುಗಳನ್ನು ನಾವು ಪಡೆಯಬಹುದು. ರಾಮಭಾವು ಪರಭಾಷೆಯ ರಂಗದಲ್ಲಿ ಗೆದ್ದದ್ದು ಅದಕ್ಕೆ ಮೊದಲು ಗಟ್ಟಿಯಾದ ತಳಪಾಯ ಹಾಕಿಕೊಂಡಿದ್ದರಿಂದ. ನಮ್ಮ ಮಕ್ಕಳಿಗೂ ಎಳೆಯ ವರ್ಷಗಳಲ್ಲಿ ತಾಯ್ನುಡಿಯ ತಳಪಾಯ ಭದ್ರವಾಗಲಿ, ಜೊತೆಗೆ ಮರಾಠಿಯನ್ನೂ ಅವರು ಅಷ್ಟೇ ಪ್ರೀತಿಯಿಂದ ಕಲಿಯಲಿ. ಎರಡನೆಯದು, ಅವರು ಹೊರಗೆ ಗಳಿಸಿದ್ದನ್ನು ಊರಿಗೆ ತಂದು ಹಂಚಿದರು. ಸೋಲಾಪುರ, ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ದಿನವಾದರೂ ಇಲ್ಲಿಗೆ ಬಂದು, ತಾವು ಬಲ್ಲದ್ದನ್ನು ಈ ಮಕ್ಕಳಿಗೆ ಕಲಿಸಬೇಕೆಂದು ಪ್ರಾರ್ಥಿಸುತ್ತೇವೆ. ಶಾಲೆಯ ಮುಂದಿನ ನೂರು ವರ್ಷಗಳಿಗೆ ಅದಕ್ಕಿಂತ ಹೆಚ್ಚಿನ ಕಾಣಿಕೆ ಬೇಕಿಲ್ಲ.