ಕೇಳುವುದನ್ನೇ ಬಿಟ್ಟ ಮಕ್ಕಳು



ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಯಾವುದೇ ರೇಷ್ಮೆ ಹುಳುಮನೆಗೆ, ಹುಳು ನಾಲ್ಕನೇ ಜ್ವರ ಕಳೆದು ಪೊರೆ ಬಿಟ್ಟ ಮೇಲೆ ಹೋಗಿ ನೋಡಿ. ಆ ವಾರ ಮನೆಮಂದಿಗೆ ಸರಿಯಾದ ನಿದ್ದೆಯಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಬೀಳಬೇಕು, ಹಿಕ್ಕೆ ತೆಗೆಯಬೇಕು, ಸೆಕೆ ತಂಡಿ ನೋಡಿಕೊಳ್ಳಬೇಕು. ಮೇಯುವ ಸದ್ದಿನಲ್ಲೇ ಹುಳುವಿನ ಹಸಿವು ತಿಳಿಯುವ ತಾಯಿ, ಉಣ್ಣದೆ ಮಲಗಿದ ಮಗಳನ್ನು ಎಬ್ಬಿಸಿ ವಿಚಾರಿಸುವುದು ಹಣ್ಣುಹುಳು ಗೂಡು ಕಟ್ಟಲು ಚಂದ್ರಿಕೆ ಏರಿದ ಮೇಲೆಯೇ. ಆಕೆಯ ಮೇಲೆ ದೂರು ಹೇಳುತ್ತಿಲ್ಲ. ಬೆಳೆ ಕೈಕೊಟ್ಟರೆ ಸಾಲ ತೀರಿಸುವವರು ಯಾರು? ನಮ್ಮ ಜಿಲ್ಲೆಯಲ್ಲಿ ನಾನು ಕಂಡ ಪ್ರೀತಿಯ ಕೊರತೆ ಹೆಚ್ಚಾಗಿ ಈ ಬಗೆಯದು. ಪ್ರೀತಿ ಇರುತ್ತದೆ, ಮಗುವಿನ ತನಕ ಬಂದು ಮುಟ್ಟುವುದಿಲ್ಲ.

ಕೇಳಿದರೂ ಸಿಗದು ಎಂದು ಮನಗಂಡ ಮಗು ಕೇಳುವುದನ್ನೇ ಬಿಡುತ್ತದೆ. ನಾವು ಅದನ್ನು ಜಾಣ ಮಗು, ಹಟವೇ ಇಲ್ಲ ಎಂದು ಹೊಗಳುತ್ತೇವೆ. ದೊಡ್ಡದಾದ ಮೇಲೆ ಅದೇ ಮಗು ಎದೆನೋವು ಬಂದರೂ ಹೆಂಡತಿಗೆ ಹೇಳದ ಗಂಡಸಾಗಿರುತ್ತದೆ. ಇಲ್ಲವೇ ಊರಿನವರಿಗೆಲ್ಲ ದುಡಿದು, ತನಗೊಂದು ಲೋಟ ನೀರು ಬೇಕೆಂದು ಬಾಯಿಬಿಡದ ಹೆಂಗಸಾಗಿರುತ್ತದೆ. ಯಾರಾದರೂ ಅಕ್ಕರೆ ತೋರಿಸಿದರೆ ಇವರಿಗೆ ಸಂತೋಷಕ್ಕಿಂತ ಮೊದಲು ಅನುಮಾನ ಬರುತ್ತದೆ. ತಮ್ಮ ಮಗುವನ್ನು ತಬ್ಬಿಕೊಳ್ಳಲು ಕೈ ಏಳುವುದಿಲ್ಲ. ಮಾತು ಬಿಟ್ಟ ಮಗನ ಬಗ್ಗೆ ಹೇಳಿಕೊಳ್ಳಲು ಬರುವ ಅಪ್ಪಂದಿರ ಬಾಯಲ್ಲಿ ಒಂದೇ ಪ್ರಶ್ನೆ: "ಅವನಿಗೇನು ಕಮ್ಮಿ ಮಾಡಿದ್ದೀವಿ ಸಾರ್? ಕಾನ್ವೆಂಟಿಗೆ ಹಾಕಿದ್ವಿ, ಬೈಕ್ ಕೊಡಿಸಿದ್ವಿ." ಆ ಅಪ್ಪ ಸುಳ್ಳು ಹೇಳುತ್ತಿಲ್ಲ. ತನಗೆ ಯಾರೂ ಕೊಡದಿದ್ದುದನ್ನು ಕೊಡುವುದು ಹೇಗೆಂದು ಅವನಿಗೆ ತಿಳಿದಿಲ್ಲ, ಅಷ್ಟೆ.

ಎರಡನೇ ಮಹಾಯುದ್ಧದ ನಂತರ ಮನೆಮಠ ಕಳೆದುಕೊಂಡ ಮಕ್ಕಳ ಕುರಿತು ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದುಕೊಟ್ಟರು. ಎಳೆಯ ಮಗುವಿಗೆ ಅನ್ನ ಬಟ್ಟೆಯಷ್ಟೇ, ಬಿಡದೆ ಜೊತೆಗಿರುವ ಒಂದು ಅಕ್ಕರೆಯ ಜೀವವೂ ಬೇಕು ಎಂಬುದು ಅದರ ತಿರುಳು. 1998ರಲ್ಲಿ ಫೆಲಿಟ್ಟಿ ಮತ್ತು ಆಂಡಾ ಎಂಬ ಅಮೆರಿಕದ ವೈದ್ಯರು, ಬಾಲ್ಯದ ಕಷ್ಟಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಕುಡಿತ, ಹೃದ್ರೋಗಗಳೂ ಹೆಚ್ಚುವುದನ್ನು ತೋರಿಸಿದರು. ಎಸ್.ಎಲ್. ಭೈರಪ್ಪನವರ ಆತ್ಮಕಥೆ 'ಭಿತ್ತಿ' ಓದಿದವರಿಗೆ ಇದು ಹೊಸದಲ್ಲ. ಪ್ಲೇಗಿಗೆ ತಾಯಿಯನ್ನು ಕಳೆದುಕೊಂಡು, ಹೊಣೆಯರಿಯದ ತಂದೆಯ ಮಗನಾಗಿ ಬೆಳೆದ ಆ ನೋವೇ ಅವರ 'ಗೃಹಭಂಗ' ಕಾದಂಬರಿಯ ಬೇರು.

ಹಾಗೆಂದು ಬಾಲ್ಯದಲ್ಲಿ ಸಿಗದಿದ್ದರೆ ಬದುಕೇ ಮುಗಿಯಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮಿ ವರ್ನರ್ ದಶಕಗಳ ಕಾಲ ಗಮನಿಸಿದರು. ತೀರ ಕಷ್ಟದ ಮನೆಗಳಲ್ಲಿ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಪಾಲು ಮಂದಿ ಗಟ್ಟಿಯಾಗಿ, ಇತರರ ಬಗ್ಗೆ ಕಾಳಜಿಯುಳ್ಳವರಾಗಿ ನಿಂತರು. ಅವರ ಬಾಲ್ಯದಲ್ಲಿ ಅಜ್ಜಿಯೋ ನೆರೆಯವರೋ ಮೇಷ್ಟ್ರೋ, ನಂಬಬಹುದಾದ ಒಬ್ಬರು ಇದ್ದರು.

ಗೌರಿಬಿದನೂರಿನವರಿಗೆ ಆ ಮೇಷ್ಟ್ರ ಕಥೆ ಹೇಳಬೇಕಿಲ್ಲ. ಹೊಸೂರಿನ ಬಡ ಹುಡುಗ ನರಸಿಂಹಯ್ಯ 1935ರಲ್ಲಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೊರಟಿದ್ದು, ತನ್ನ ಓದಿನ ಮೇಲೆ ಕಣ್ಣಿಟ್ಟಿದ್ದ ಮುಖ್ಯೋಪಾಧ್ಯಾಯರು ಕರೆದಿದ್ದರಿಂದ. ನರಸಿಂಹಯ್ಯನವರ ಮನೆಯಲ್ಲಿ ಪ್ರೀತಿಗೆ ಕೊರತೆ ಇತ್ತೆಂದು ನಾನು ಹೇಳುತ್ತಿಲ್ಲ. ಹೆತ್ತವರ ಕೈ ಚಾಚಲಾರದ ದೂರಕ್ಕೆ ಇನ್ನೊಬ್ಬರ ಕೈ ಚಾಚಿತು ಎಂಬುದೇ ನನಗೆ ಮುಖ್ಯ. ಮುಂದೆ ಡಾ. ಎಚ್. ನರಸಿಂಹಯ್ಯನವರು ಮದುವೆಯಾಗದೆ, 2005ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನ ಕಾಲೇಜೊಂದರ ಹಾಸ್ಟೆಲಿನ ಕೋಣೆಯಲ್ಲಿ ಹುಡುಗರ ನಡುವೆಯೇ ಬಾಳಿದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಅವರು ಕಟ್ಟಿದ ಕಾಲೇಜುಗಳಲ್ಲಿ ಓದಿದವರು ಈ ಸಭೆಯಲ್ಲೂ ಇರಬಹುದು.

ಅಂಥ ಇನ್ನೊಂದು ಕೈ ನಮ್ಮ ಮಕ್ಕಳಿಗೂ ಸಿಗಬೇಕೆಂದೇ ಈಗ ನಮ್ಮ ಪಂಚಾಯಿತಿಗಳ ವಿಷಯಕ್ಕೆ ಬರುತ್ತೇನೆ. ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆಂದು ಸರ್ಕಾರ 2023ರಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಒಳ್ಳೆಯ ಕೆಲಸ. ಆದರೆ ಅಲ್ಲಿ ಮಗುವನ್ನು ಎತ್ತಿಕೊಳ್ಳುವ ಹೆಂಗಸಿನ ಸಂಬಳಕ್ಕೆ ಕೂಲಿ ದಿನಗಳ ಮಿತಿ ಹಾಕಿದರೆ, ಮಗುವಿಗೆ ಅವಳ ಮುಖ ಗುರುತಾಗುವ ಹೊತ್ತಿಗೆ ಅವಳ ಸರದಿ ಮುಗಿದು ಇನ್ನೊಬ್ಬಳು ಬರುತ್ತಾಳೆ. ಅದೇ ಮುಖ ಮೂರು ವರ್ಷ ಅಲ್ಲೇ ಇರುವಂತೆ ಕಾಯಂ ಸಂಬಳ ಕೊಡಿ. ಹುಳು ಹಣ್ಣಾಗುವ ವಾರದಲ್ಲಿ ಬಾಗಿಲು ಸಂಜೆ ತಡವಾಗಿ ಹಾಕಿ. ಪಂಚಾಯಿತಿ ಸದಸ್ಯರು ಮುಂದಿನ ಸಾಲಿನಲ್ಲೇ ಕುಳಿತಿದ್ದೀರಿ, ಇದನ್ನು ಮುಂದಿನ ಗ್ರಾಮಸಭೆಯಲ್ಲೇ ಎತ್ತಬೇಕೆಂದು ಕೈಮುಗಿದು ಕೇಳುತ್ತೇನೆ.