ಅಪಸ್ಮಾರಕ್ಕೆ ಗಿಡಮೂಲಿಕೆ
(ಉತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಟರಾಜನ ಪಾದದಡಿಯಲ್ಲಿ ಒಬ್ಬ ಕುಳ್ಳ ಬಿದ್ದಿರುವುದನ್ನು ತಾವೆಲ್ಲರೂ ನೋಡಿದ್ದೀರಿ. ಅವನ ಹೆಸರು ಅಪಸ್ಮಾರ. ಚರಕಸಂಹಿತೆಯಲ್ಲಿ ಮೂರ್ಛೆರೋಗಕ್ಕೂ ಅದೇ ಹೆಸರು. ನಾವು ಫಿಟ್ಸ್ ಅನ್ನುತ್ತೇವೆ. ಅದು ಗಾಳಿ ಸೋಕಿದ್ದಲ್ಲ, ಯಾರ ಶಾಪವೂ ಅಲ್ಲ. ಮೆದುಳಿನಲ್ಲಿ ವಿದ್ಯುತ್ತು ಹತೋಟಿ ಮೀರಿ ಹರಿಯುವುದೇ ಮೂರ್ಛೆ. ಬಹಳ ಹೊತ್ತು ನಿಲ್ಲದಿದ್ದರೆ ಮೆದುಳಿನ ಜೀವಕೋಶಗಳು ಸಾಯುತ್ತವೆ.

ಇದಕ್ಕೆ ಗಿಡಮೂಲಿಕೆ ಉಂಟೇ ಎಂದು ಮಡಕಶಿರಾದಲ್ಲೂ ರಾಯದುರ್ಗದಲ್ಲೂ ಜನ ಕೇಳುತ್ತಾರೆ. ನಮ್ಮ ಹಿರಿಯರು ಉಂಟು ಎಂದರು. ಬ್ರಾಹ್ಮೀರಸ, ಬಜೆ, ಶಂಖಪುಷ್ಪಿ ಮೊದಲಾದವನ್ನು ಹಳೆಯ ತುಪ್ಪದಲ್ಲಿ ಸಾಧಿಸಿದ ಘೃತವನ್ನು ಚರಕ ಹೇಳಿದ್ದಾನೆ. ಕೊಚ್ಚಿನ್ ವಿಶ್ವವಿದ್ಯಾಲಯದಲ್ಲಿ ಮೂರ್ಛೆ ಬರಿಸಿದ ಇಲಿಗಳಿಗೆ ಬ್ರಾಹ್ಮಿ ಕೊಟ್ಟು ಪರೀಕ್ಷಿಸಿದಾಗ ಮೆದುಳಿಗೆ ಒಳಿತಾದ ಲಕ್ಷಣ ಕಂಡಿತು. ಇಲಿಗೆ ಆದದ್ದು ಮನುಷ್ಯನಿಗೂ ಆಗುತ್ತದೆಂದು ಈಗಲೇ ಹೇಳಲಾಗದು. ಸಸ್ಯದ ವಸ್ತುವೊಂದು ಪೂರ್ತಿ ಪರೀಕ್ಷೆ ದಾಟಿ ಔಷಧಿಯಾದದ್ದೂ ಉಂಟು. ಗಾಂಜಾ ಗಿಡದ ಕ್ಯಾನಬಿಡಿಯಾಲ್‌ಗೆ 2018ರಲ್ಲಿ ಅಮೆರಿಕ ಸರ್ಕಾರ ಅನುಮತಿ ಕೊಟ್ಟಿತು, ಅದೂ ಮಕ್ಕಳಲ್ಲಿ ಶುರುವಾಗುವ ಎರಡು ಕಠಿಣ ಬಗೆಯ ಮೂರ್ಛೆಗೆ. ಅದರಲ್ಲಿ ಅಮಲಿಲ್ಲ. ಚಿಲುಮೆ ಸೇದುವವರು ಇದನ್ನು ನೆಪ ಮಾಡಿಕೊಳ್ಳಬಾರದು!

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸೊಪ್ಪು ಬೇರು ತಾನೇ, ಏನೂ ಆಗದು ಎಂದು ನಾವು ತಿಳಿಯುತ್ತೇವೆ. ಫೆನಿಟಾಯಿನ್ ಮಾತ್ರೆಯಿಂದ ಚೆನ್ನಾಗಿದ್ದ ಇಬ್ಬರು ರೋಗಿಗಳಿಗೆ ಮತ್ತೆ ಫಿಟ್ಸ್ ಶುರುವಾದುದನ್ನು ಮುಂಬಯಿಯ ವೈದ್ಯರು 1992ರಲ್ಲಿ ವರದಿ ಮಾಡಿದರು. ಇಬ್ಬರೂ ಮಾತ್ರೆಯ ಜೊತೆಗೆ ಶಂಖಪುಷ್ಪಿಯ ಔಷಧ ಸೇವಿಸುತ್ತಿದ್ದರು. ಇಲಿಗಳಲ್ಲಿ ನೋಡಿದಾಗ ಅದು ರಕ್ತದಲ್ಲಿ ಮಾತ್ರೆಯ ಪ್ರಮಾಣವನ್ನೇ ಇಳಿಸಿತ್ತು. ಮೆಣಸಿನಲ್ಲಿರುವ ಪೈಪರೀನ್ ಇದಕ್ಕೆ ತದ್ವಿರುದ್ಧ, ಪ್ರಮಾಣವನ್ನು ಏರಿಸುತ್ತದೆ. ಊಟದ ಸಾರಿಗೆ ಹೆದರಬೇಕಿಲ್ಲ. ಚೂರ್ಣ, ಲೇಹ್ಯ ತೆಗೆದುಕೊಳ್ಳುವವರು ಮಾತ್ರ ಡಾಕ್ಟರಿಗೆ ತಪ್ಪದೆ ತಿಳಿಸಬೇಕು.

ಫಿಟ್ಸ್ ತರಿಸುವ ಸಸ್ಯವಸ್ತುಗಳೂ ಇವೆ. ಆರತಿಯ ಕರ್ಪೂರ ಮಗುವಿನ ಬಾಯಿಗೆ ಹೋದರೆ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆ ಮೂಸಿ, ಹಚ್ಚಿ ಫಿಟ್ಸ್ ಬಂದವರ ಬಗ್ಗೆ ಬೆಂಗಳೂರಿನ ವೈದ್ಯರು ಬರೆದಿದ್ದಾರೆ. ತಾಯಂದಿರು ಕರ್ಪೂರದ ಡಬ್ಬಿಯನ್ನು ಎತ್ತರದಲ್ಲಿಡಬೇಕು.

ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಹಳೆಯ ಮಾತ್ರೆಗಳಿಂದಲೇ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಆ ವರದಿ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನಮ್ಮವರು ಬಳ್ಳಾರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿ ಮಾತ್ರೆ ತರುತ್ತಾರೆ, ನಾಲ್ಕು ತಿಂಗಳು ಫಿಟ್ಸ್ ಬರದಿದ್ದರೆ ಬಿಟ್ಟುಬಿಡುತ್ತಾರೆ. ಹರಕೆ ಹೊತ್ತೆವು, ವಾಸಿಯಾಯಿತು ಎನ್ನುತ್ತಾರೆ. ಹರಕೆ ತೀರಿಸಿ, ಬೇಡವೆನ್ನುವುದಿಲ್ಲ. ಆದರೆ ಡಾಕ್ಟರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದಾಗಲೇ ನಿಲ್ಲದ ಫಿಟ್ಸ್ ಬರುವ ಭಯ ಹೆಚ್ಚು. ಉಪವಾಸದ ದಿನವೂ ಒಂದು ಗುಟುಕು ನೀರಿನಲ್ಲಿ ನುಂಗಬಹುದು.

ಹೆಣ್ಣುಮಕ್ಕಳ ಮದುವೆಗೆ ಹೆದರಿ ರೋಗ ಮುಚ್ಚಿಡುವವರಿಗೆ ಒಂದು ವಿಷಯ: ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಮೂರ್ಛೆರೋಗದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದ್ದಾರೆ.

ತೇರಿನ ಗದ್ದಲದಲ್ಲಿ ಯಾರಾದರೂ ಫಿಟ್ಸ್ ಬಂದು ಬಿದ್ದರೆ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ನೀರು ಹಾಕಬೇಡಿ. ಗುಂಪು ಸರಿಸಿ, ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ 108ಕ್ಕೆ ಫೋನ್ ಮಾಡಿ.